ಟೈರಿಗೆ ಒದೆಯಬೇಡ

ಟೈರಿಗೆ ಒದ್ದರೆ ಏನೂ ಗೊತ್ತಾಗುವುದಿಲ್ಲ, ತಮ್ಮಾ.
ನಾನೂ ಒದ್ದಿದ್ದೆ, ಸದಾಶಿವಗಡದಲ್ಲಿ, ಏಳು ಮಳೆಗಾಲದ ಹಿಂದೆ,
ದೊಡ್ಡ ತಿಳಿದವಳ ಹಾಗೆ.
ಮಾರುವವನು ಅರವತ್ತೆರಡು ಸಾವಿರ ಎಣಿಸಿಕೊಂಡು
ಕೀಲಿಯ ಜೊತೆ ಒಂದು ತೆಂಗಿನಕಾಯಿಯನ್ನೂ ಕೊಟ್ಟ.
ಎಂಜಿನ್ನಿಗೆ ದಪ್ಪ ಆಯಿಲ್ ಹೊಯ್ದು
ಅದರ ಬಾಯಿ ಕಟ್ಟಿದ್ದೇನೆ ಎಂದು ಹೇಳಲಿಲ್ಲ.
ಕಾಳಿ ಸೇತುವೆ ದಾಟುವತನಕ ಓಮ್ನಿ ಗರತಿಯಂತೆ ಬಂತು.
ಅಂಕೋಲೆ ಬರುವಷ್ಟರಲ್ಲಿ ಮಾತು ಶುರು.

ತೊಂದರೆ ಏನಾದರೂ ಉಂಟಾ ಎಂದು ಕೇಳಿದೆಯಲ್ಲ,
ಕೂತುಕೋ. ಅಲ್ಲಲ್ಲ, ಆ ಸೀಟಿನ ಮೇಲಲ್ಲ,
ಈಗಷ್ಟೇ ತದಡಿಯಿಂದ ಬಂದಿದ್ದೇನೆ,
ಎಂಜಿನ್ ಅದರ ಕೆಳಗೇ ಇದೆ, ಲುಂಗಿ ದಾಟಿ ಸುಡುತ್ತದೆ.

ಮೊದಲು ಹೋದದ್ದು ಜಾರುವ ಬಾಗಿಲಿನ ರೋಲರ್. ಮುನ್ನೂರೈವತ್ತು.
ಮಿರ್ಜಾನಿನ ತಿರುವಿನಲ್ಲಿ ಅದು ತಾನಾಗಿ ತೆರೆದುಕೊಂಡು
ಅರ್ಧ ಬುಟ್ಟಿ ಬಂಗಡೆ ರಸ್ತೆಗೆ ಸುರಿದ ಲೆಕ್ಕ
ಅದರಲ್ಲಿ ಸೇರಿಲ್ಲ.

ಆಮೇಲೆ ದೇವಿಮನೆ ಘಟ್ಟ.
ಶಿರಸಿಯಲ್ಲಿ ಮೀನು ಮಾರುವುದು ಸುಲಭ,
ಮೀನನ್ನು ಶಿರಸಿಗೆ ಹತ್ತಿಸುವುದು ಕಷ್ಟ.
ಮುಳ್ಳು ಕೆಂಪಿಗೆ ಹೋಯಿತು. ಐಸು ಕರಗುತ್ತಿತ್ತು.
ನಾನು ಐಸನ್ನು ನೋಡಿದೆ, ಮುಳ್ಳನ್ನು ನೋಡಲಿಲ್ಲ.
ಆಯಿಲ್ ಕಡ್ಡಿ ಎಳೆದರೆ ಹಾಲು ಹಾಕಿದ ಚಹಾದ ಬಣ್ಣ.
"ಹೆಡ್ ಗ್ಯಾಸ್ಕೆಟ್ ಹೋಯ್ತು ಮಂಕಾಳಕ್ಕ" ಎಂದ ಬಸ್ತ್ಯಾಂವ,
ಸತ್ತವರ ಮನೆಗೆ ಬಂದವನ ಧ್ವನಿಯಲ್ಲಿ.
ಆರೂವರೆ ಸಾವಿರ. ರೇಡಿಯೇಟರ್ ಬೇರೆ, ಎರಡು ಸಾವಿರದ ನಾನೂರು.
ಆ ತಿಂಗಳು ನಾನು ಮಾರಿದ ಮೀನನ್ನೆಲ್ಲ ಗಾಡಿಯೇ ತಿಂದಿತು.

ಕ್ಲಚ್ ಪ್ಲೇಟು ನನ್ನದೇ ತಪ್ಪು.
ಕಲಿಯುವಾಗ ಪೆಡಲಿನ ಮೇಲಿಟ್ಟ ಕಾಲನ್ನು
ತೆಗೆಯಲು ಒಂದು ವರ್ಷ ಧೈರ್ಯವಾಗಲಿಲ್ಲ.
ಮೂರು ಸಾವಿರದ ಎಂಟುನೂರು, ಧೈರ್ಯದ ಫೀಸು.

ಮ್ಯಾಟ್ ಎತ್ತಿ ನೆಲ ನೋಡು, ನಾಚಿಕೆ ಬೇಡ.
ಮೀನಿನ ನೀರಿಗೆ ತಗಡು ಎಂದರೆ ಹಪ್ಪಳ.
ಒಂದು ದಿನ ಬ್ರೇಕ್ ಒತ್ತುವಾಗ
ಪಾದದ ಪಕ್ಕದಲ್ಲೇ ಹೆದ್ದಾರಿ ಓಡುವುದು ಕಂಡಿತು.
ಬೆಸುಗೆಗೆ ನಾಲ್ಕು ಸಾವಿರ, ಎರಡು ಸಲ.
ಮೂರನೆಯದು ನಿನ್ನ ಪಾಲಿಗೆ:
ಎಡಗಡೆ ಹಿಂದಿನ ಚಕ್ರದ ಮೇಲೆ, ಬೆರಳಿಟ್ಟು ನೋಡು.
ಮೈಕ್ ಸೆಟ್ಟಿನವನು ನೀನು, ದೊಡ್ಡ ಸ್ಪೀಕರ್ ಅಲ್ಲಿ ಇಡಬೇಡ.

ಕೂಡಿಸಲು ಹೋಗಬೇಡ.
ಒಮ್ಮೆ ಕರೆಂಟ್ ಬಿಲ್ಲಿನ ಬೆನ್ನಿಗೆ ನಾನು ಕೂಡಿಸಿ,
ಕೊಂಡ ಬೆಲೆಯನ್ನೂ ದಾಟಿದ್ದು ಕಂಡು
ಎರಡು ದಿನ ಗಾಡಿಯನ್ನು ಮಾತಾಡಿಸಲಿಲ್ಲ.
ಮೂರನೇ ದಿನ ದೋಣಿ ಬಂತು. ಕೀಲಿ ತಿರುಗಿಸಿದೆ. ಹೊರಟಿತು.
ಅದಕ್ಕೇನೂ ಸಿಟ್ಟಿರಲಿಲ್ಲ.

ಇನ್ನೊಂದುಂಟು, ಯಾರ ಕೈಗೂ ಸಿಗದ್ದು.
ಎರಡನೇ ಗೇರಿನಲ್ಲಿ, ಒಬ್ಬಳೇ ಇದ್ದಾಗ ಮಾತ್ರ,
ಡಬ್ಬಿಯೊಳಗೆ ಹುಣಸೆಬೀಜ ಅಲ್ಲಾಡಿಸಿದಂಥ ಸದ್ದು.
ಬಸ್ತ್ಯಾಂವ ಮೂರು ಮಧ್ಯಾಹ್ನ ಹುಡುಕಿದ.
ಅವನು ಪಕ್ಕ ಕೂತರೆ ಸದ್ದೇ ಇಲ್ಲ.
"ಇದಕ್ಕೆ ಜೊತೆ ಬೇಕಂತೆ" ಎಂದು ನಕ್ಕು, ಹಣ ಬೇಡವೆಂದ.
ಹಾಗೇನಿಲ್ಲ.
ಆ ಸೀಟಿನ ಮೇಲೆ ಐಸಿನ ಪೆಟ್ಟಿಗೆ ಇಟ್ಟರೂ ನಿಲ್ಲುತ್ತದೆ.

ನಲವತ್ತು ಸಾವಿರ. ಚೌಕಾಸಿ ಬೇಡ,
ಇಷ್ಟು ಹೊತ್ತು ನಿನ್ನ ಪರವಾಗಿ ಅದನ್ನೇ ಮಾಡಿದ್ದೇನೆ.
ನಾನು ಬೇರೆ ಗಾಡಿ ನೋಡಿಯಾಗಿದೆ, ಅದೂ ಹಳೆಯದೇ.
ಈ ಸಲ ಸೆರಗು ಸಿಕ್ಕಿಸಿ ಅಡಿಯಲ್ಲಿ ಮಲಗಿ ನೋಡಿದೆ,
ಮಾರುವವನ ಮುಖ ಸಣ್ಣದಾಯಿತು.

ಹಾಂ, ವಾಸನೆ. ಅದು ಯಾವ ಬಿಲ್ಲಿಗೂ ಬಗ್ಗಲಿಲ್ಲ.
ನಿಂಬೆಹಣ್ಣು ಉಜ್ಜಿದೆ, ಕಾಫಿಪುಡಿ ಚೆಲ್ಲಿದೆ.
ಮದುವೆಮನೆಯ ಎದುರು ನಿಲ್ಲಿಸಿದರೆ
ನೆಂಟರಿಗಿಂತ ಮೊದಲು ಬೆಕ್ಕುಗಳು ಬರುತ್ತವೆ,
ಚಕ್ರದ ನೆರಳಲ್ಲಿ ಮಲಗುತ್ತವೆ.
ಹೊರಡುವ ಮುಂಚೆ ಬಗ್ಗಿ ನೋಡು. ಒಮ್ಮೆ ಹಾರ್ನ್ ಹೊಡಿ.
ಹಾರ್ನಿಗೆ ಇವತ್ತಿನವರೆಗೂ
ಒಂದು ಪೈಸೆ ಖರ್ಚಾಗಿಲ್ಲ.