ಹಿಡಿಕಿ

ಗುಳೇದಗುಡ್ಡ ಪುರಸಭೆಗೆ ಮೆಟ್ಟಿಲು ಒಂಬತ್ತು.
ಎಣಿಸಿಯೇ ಏರ್ತೀನಿ ನಾನು.
ಒಂದು ಕಾಲು ತಾನಾಗೇ ಏರತೈತಿ,
ಇನ್ನೊಂದನ್ನ ಕೈಯಿಂದ ಎತ್ತಿ ಕರ್ಕೊಂಡು ಹೋಗಬೇಕು,
ಸಾಲಿಗೆ ಒಲ್ಲೆ ಅನ್ನೋ ಕೂಸಿನಂಗ.
ಇಳಿಜಾರು ದಾರಿ ಈ ವರ್ಷದ ಕ್ರಿಯಾಯೋಜನೆಯೊಳಗೈತಿ.
ಹೋದ ವರ್ಷದ್ದರೊಳಗೂ ಇತ್ತು.

ನನ್ನ ವಹಿಯೊಳಗ ಇನ್ನೂರಾ ಹದಿನೇಳು ಹೆಸರು.
ವಯಸ್ಸು, ವಾರ್ಡು, ಶೇಕಡಾ ಎಷ್ಟು ಊನ.
ವಹಿಯೊಳಗಿಲ್ಲದ್ದು ತಲಿಯೊಳಗೈತಿ:
ಬನ್ನೆಮ್ಮಗ ಮುಂಜಾನೆ ಮಾತು ಹೊರಡೂದಿಲ್ಲ, ಸಂಜಿಮುಂದ ಹೋಗಬೇಕು.
ಇಮಾಮಸಾಬರ ಮಗಳು, ಮೂವತ್ತಾರರಾಕಿ,
ಹೊಸ ಚಪ್ಪಲಿ ಕಂಡರ ಅಳ್ತಾಳ;
ಹಳೇವು ಹಾಕ್ಕೊಂಡೇ ಆ ಓಣಿಗೆ ಹೋಗ್ತೀನಿ.
ಬಸಲಿಂಗಪ್ಪ ಕುಣಿಮಗ್ಗದಾಗ ಐವತ್ತು ವರ್ಷ ಎಳಿ ಎಳದಂವ,
ಬೆರಳಿನ ಗೆರಿ ಸವದು ಗಾಜಾಗ್ಯಾವ.
ಹೆಬ್ಬಟ್ಟು ಇಟ್ಟರ ಯಂತ್ರ ಕೆಂಪು ದೀಪ ಹಾಕತೈತಿ: ಇಂವ ಅಲ್ಲ.
"ಖರೇ ಐತ್ರೀ ಬಾಯಾರ," ನಗ್ತಾನ ಮುದುಕ,
"ಅಂವ ಖಣದಾಗ ಅದಾನ, ಯಾರದೋ ಕುಬಸದಾಗ ಹೊಲದಾರ."

ಆದರ ನಾ ಹೇಳಾಕ ಹೊಂಟಿದ್ದು ಹುಚ್ಚೇಶನ ಸುದ್ದಿ.
ನಲವತ್ತೊಂಬತ್ತು.
ನಮ್ಮ ಪುರಸಭೆಯ ಬೀದಿದೀಪ ಹಾಕಾಕ ಕಂಬ ಏರಿದ್ದ.
ಏರಿದಾಗ ನಮ್ಮಂವ, ಬಿದ್ದಮ್ಯಾಲ ಗುತ್ತಿಗೆದಾರನಂವ.
ನಡುದಿಂದ ಕೆಳಗ ಸುದ್ದಿಲ್ಲ.
ಏನು ಬೇಕಪ್ಪಾ ಅಂದೆ, ಅರ್ಜಿ ಬಿಚ್ಚಿ.
"ಪಾಯಖಾನಿ ಗ್ವಾಡಿಗೆ ಒಂದ ಹಿಡಿಕಿ.
ಕೈ ಗಟ್ಟಿ ಅದಾವ. ನಾನ ಸರೀತೀನಿ.
ಶಿವಲೀಲಾ ಹೊರಗ ಇರ್ಲಿ,
ಬಾಗಿಲಾ ಹಾಕಿರ್ಲಿ."

ಐದು ಪರ್ಸೆಂಟ್ ರೊಕ್ಕ ನಮ್ಮಂಥವರಿಗೇ ಐತಿ, ಕಾನೂನು.
ಇಂಜಿನಿಯರ್ ಅಂದರು: ಹಿಡಿಕಿ ಅಂದರ ಕಾಮಗಾರಿ, ಖಾಸಗಿ ಮನಿಗೆ ಬರೂದಿಲ್ಲ.
ದವಾಖಾನ್ಯಾಗ ಅಂದರು: ಔಷಧ ಅಲ್ಲ.
ಬಾಗಲಕೋಟೆಗೆ ಹೋದೆ, ಬಸ್ಸಿನ್ಯಾಗ ನಿಂತು:
ಸಾಧನ ಸಲಕರಣೆಯ ಪಟ್ಟಿಯೊಳಗಿಲ್ಲ.
ಹಿಡಿಕಿಗೆ ಲೆಕ್ಕಶೀರ್ಷಿಕೆ ಇಲ್ಲ.

ಮಾರ್ಚ್ ಬಂತು. ರೊಕ್ಕ ತಿರುಗಿ ಹೋಗಬಾರದು.
ಹದಿನಾಲ್ಕು ತ್ರಿಚಕ್ರ ಬಂದುವು, ಹಾರ ಹಾಕಿ,
ಸಾಲಾಗಿ ನಿಲ್ಲಿಸಿ ಫೋಟೋ ತಗದರು.
ನನಗೂ ನಿಂದರಂದರು. ನಿಂತೆ.
ಹುಚ್ಚೇಶಗೊಂದು ಸಿಕ್ಕಿತು.
ಬಾಗಿಲು ಎರಡು ಫೂಟು, ಗಾಡಿ ಎರಡೂಮುಕ್ಕಾಲು.
ಅಂಗಳದಾಗ ನಿಂತೈತಿ;
ಶಿವಲೀಲಾ ಅದರ ಮ್ಯಾಲ ಸಂಡಿಗಿ ಒಣಗಸ್ತಾಳ.

ಏಪ್ರಿಲ್‌ದಾಗ ನಾ ಒಂದು ಸುಳ್ಳು ಬರದೆ.
'ತ್ರಿಚಕ್ರ ವಾಹನದ ಬಿಡಿಭಾಗ: ಉಕ್ಕಿನ ಕೊಳವೆ,
ನಾಲ್ಕು ಫೂಟು, ಒಂದು. ತಿರುಪು, ಎಂಟು.'
ಲೆಕ್ಕದ ಪರಿಮಳಾ ಮೇಡಮ್ ಓದಿದರು.
ಚಾಳೀಸಿನ ಮ್ಯಾಲಿಂದ ನನ್ನ ನೋಡಿದರು,
ಆಮ್ಯಾಲ ಅವರ ಮೇಜಿನ ಅಂಚು ಹಿಡದಿದ್ದ ನನ್ನ ಕೈ.
"ಆಡಿಟ್‌ನವರು ಕೇಳಿದರ?"
"ಕರ್ಕೊಂಡು ಹೋಗಿ ತೋರಸ್ತೀನ್ರೀ."
"ಬಾಗಿಲಾ ಹಾಕಿದ್ದರ?"
"ಹಾಕಿದ್ದ ಬಾಗಿಲಾನ ತೋರಸ್ತೀನಿ."
ಸಹಿ ಹಾಕುಮುಂದ ಅವರು ನಗಲಿಲ್ಲ.
ಪೆನ್ನು ಒಮ್ಮೆ ಝಾಡಿಸಿದರು, ಅಷ್ಟ.

ಹಾಸೀಂ ಗ್ವಾಡಿ ಕೊರದ, ಧೂಳು ಊದಿದ,
ತಾನ ಜೋತು ಬಿದ್ದು ನೋಡಿದ.
ಎರಡು ದಿನ ಒಣಗಲಿ ಅಂದ. ಒಣಗಿತು.

ಮೂರನೇ ಮುಂಜಾನೆ ಅಂಗಳದಾಗ ಕೂತಿದ್ದೀವಿ,
ನಾನು, ಶಿವಲೀಲಾ. ಒಳಗ ಚಿಲಕದ ಸಪ್ಪಳ.
ಹನ್ನೊಂದು ತಿಂಗಳ ಮ್ಯಾಲ ಆಕಿ ಕೈಗೆ ಕೆಲಸಿಲ್ಲ.
ಸೆರಗು ತಿರುವಿದಳು, ಬಿಟ್ಟಳು.
ಒಣಗಿದ ಸಂಡಿಗಿ ಮತ್ತೊಮ್ಮೆ ಹೊಳ್ಳಿ ಹಾಕಿದಳು.
ಏನೋ ಬಿದ್ದಂಗಾತು. ಇಬ್ಬರೂ ಎದ್ದಿವಿ.
"ಚರಿಗಿ, ಚರಿಗಿ!" ಒಳಗಿಂದ ಬೈದ.
"ಯಾರೂ ಬರಬ್ಯಾಡ್ರಿ."
ಕೂತಿವಿ.

ತಿಂಗಳ ವರದಿಯೊಳಗ ಒಂದು ಖಾಲಿ ಮನಿ ಐತಿ:
'ಫಲಾನುಭವಿಗೆ ನೀಡಿದ ಸೇವೆಯ ವಿವರ.'
ಸರಕಾರಿ ಕನ್ನಡದಾಗ, ದುಂಡಗ ಬರದೆ:
ಹೊರಗೆ ಕುಳಿತಿದ್ದೆವು.