ಬಾಯಿಗೇನೂ ಕೊಡಬೇಡಿ

ಬಾಕ್ಸ್ ಹಿಲ್ ಆಸ್ಪತ್ರೆ, ಬೆಳಗಿನ ಐದೂವರೆ.
ನಾನು ರಕ್ತ ತೆಗೆಯುವವಳು. ಸೂಜಿ, ಹತ್ತಿ,
ಬಣ್ಣಬಣ್ಣದ ಮುಚ್ಚಳದ ನಳಿಕೆ,
ತಳ್ಳುಗಾಡಿಯಲ್ಲಿ ಇಷ್ಟೇ ನನ್ನ ಸಂಸಾರ.

ಹನ್ನೆರಡನೇ ಹಾಸಿಗೆಯ ಲ್ಯೂಂಗ್ ಕ್ವೋಕ್ ಹಿಂಗ್
ಮೊಣಕಾಲು ಎದೆಗೆ ಅವಚಿ ಕೂತಿದ್ದರು,
ಹೊಟ್ಟೆಯಿಂದ ಬೆನ್ನಿಗೆ ಯಾರೋ ದಬ್ಬಣ ಹಾಯಿಸಿ
ಗೋಣಿ ಹೊಲಿದಂತೆ.
ಪಿತ್ತಕೋಶದ ಒಂದು ಕಲ್ಲು, ಕಡಲೆಯಷ್ಟೂ ಇಲ್ಲ,
ದಾರಿಗಡ್ಡ ಬಿದ್ದಿತ್ತು.
ಅನ್ನ ಅರಗಿಸುವ ರಸ
ತಾನಿದ್ದ ಮನೆಯನ್ನೇ ಅರಗಿಸತೊಡಗಿತ್ತು.

ಮೇದೋಜೀರಕ.
ಹೈಸ್ಕೂಲಿನಲ್ಲಿ ಅದರೊಳಗೆ ಜೀರಿಗೆ ಇದೆ ಅಂದುಕೊಂಡಿದ್ದೆ.
ಅವರೆಂದರು: ನಮ್ಮ ಹಳೇ ಪುಸ್ತಕಗಳಲ್ಲಿ
ಇದಕ್ಕೆ ಬೇರೆ ಹೆಸರೇ ಇಲ್ಲ ಮಗಳೇ,
ಗುಲ್ಮದ ನೆರಳಲ್ಲಿ ಬಾಡಿಗೆಗಿತ್ತು.
ಹೆಸರಿಲ್ಲದ್ದು ಎಷ್ಟು ನೋಯುತ್ತದೆ ನೋಡು.

ನಲವತ್ತೊಂದು ವರ್ಷ ಗಿಡಮೂಲಿಕೆ ಮಾರಿದವರು.
ಮಗಳು ಮೇಬಲ್ ಥರ್ಮಾಸಿನಲ್ಲಿ ಕಷಾಯ ತಂದಿದ್ದಳು.
ಡಾಕ್ಟರ್ ಕರಾಲಿಸ್ ಓದಿಕೊಂಡವಳು, ಒರಟಲ್ಲ:
ಚೀನಾದಲ್ಲಿ ಕೊಡುತ್ತಾರೆ, ಗೊತ್ತು.
ಹೂಂ ಅನ್ನಲು ಪುರಾವೆ ಸಾಲದು,
ಉಹೂಂ ಅನ್ನಲೂ ಸಾಲದು.
ಸದ್ಯಕ್ಕೆ ಸಲೈನು.
ತಲೆಯ ಮೇಲೆ ಫಲಕ: ಬಾಯಿಗೇನೂ ಕೊಡಬೇಡಿ.

ಅವರು ಜಗಳಾಡಲಿಲ್ಲ. ಮುಚ್ಚಳ ಮಾತ್ರ ತಿರುಗಿಸಿ
ಮೂಗಿಗೆ ಹಿಡಿದರು.

ಸೂಜಿ ಹಿಡಿದ ನನ್ನ ಕೈ ನಿಂತಿತು.
ತುಮಕೂರು, ಚಿಕ್ಕಪೇಟೆ, ಅಪ್ಪನ ಗ್ರಂಧಿಗೆ ಅಂಗಡಿ,
ಕೆಳಸಾಲಿನ ಖಾನೆ, ಎಳೆದರೆ ಕಿರ್ರೆನ್ನುವುದು,
ಅರಿಸಿನದ ಅಣ್ಣನಂಥ ಹಳದಿ ಬೇರು.
ಯಾರ ಹೊಟ್ಟೆ ಕಟ್ಟಿದರೂ ಅಪ್ಪ ಅದನ್ನೇ ತೂಗುತ್ತಿದ್ದ.

ದಾಯ್ ವೊಂಗ್, ಅಂದರು.
ರೇವಲ್ಚಿನ್ನಿ, ಅಂದೆ. ಆ ಚಿನ್ನಿ ನಿಮ್ಮೂರೇ ಇರಬೇಕು.
ಹಾಗಾದರೆ ನನಗಿಂತ ಮೊದಲೇ ವಲಸೆ ಹೋಗಿದೆ,
ಅದೂ ವೀಸಾ ಇಲ್ಲದೆ!
ನಕ್ಕರು. ನಕ್ಕಿದ್ದಕ್ಕೆ ಹೊಟ್ಟೆ ದಂಡ ಕಟ್ಟಿಸಿಕೊಂಡಿತು.

ಆಮೇಲೆ, ಕಿಟಕಿಯ ಕಡೆ ನೋಡುತ್ತ:
ಒಬ್ಬಾತ ಇದನ್ನೇ ಕುಡಿದು ಎದ್ದು ಕೂತ.
ಒಬ್ಬಾಕೆಯನ್ನು ಇದನ್ನೇ ಕೊಟ್ಟು ಮನೆಗೆ ಕಳಿಸಿದೆ,
ಆಸ್ಪತ್ರೆಗೆ ಹೋಗೆನ್ನಲಿಲ್ಲ.
ಮದ್ದೆಷ್ಟು, ಅದೃಷ್ಟವೆಷ್ಟು,
ನನ್ನ ತಕ್ಕಡಿ ಯಾವತ್ತೂ ಬಾಯಿ ಬಿಡಲಿಲ್ಲ.
ನಾನು ನಳಿಕೆಗೆ ಅವರ ಹೆಸರು ಅಂಟಿಸಿದೆ.

ಮೂರನೇ ದಿನ. ಕರಾಲಿಸ್ ಹೊಟ್ಟೆಯ ಮೇಲೆ ಸ್ಟೆತಸ್ಕೋಪು ಇಟ್ಟು
ಕರುಳಿನ ಸದ್ದಿಗೆ ಕಿವಿಗೊಟ್ಟಿದ್ದಳು.
ಅವರು ತಮ್ಮದೇ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು
ಪ್ರಾಣ ಕೆಳಗಿಳಿಯಲಿ ಎಂದು ಕಾಯುತ್ತಿದ್ದರು.
ನನ್ನಪ್ಪನಾಗಿದ್ದರೆ ಅಪಾನವಾಯು ಅನ್ನುತ್ತಿದ್ದ.
ಮೂರು ಶಾಸ್ತ್ರ ಬಾಗಿಲಲ್ಲಿ ನಿಂತು
ಒಂದು ಹೂಸಿಗೆ ಕಾದದ್ದು ನಾನು ಕಂಡೆ.

ಬಂತು. ಸಣ್ಣದು, ಎಳೆಗರುವಿನ ಹಾಗೆ ಸಂಕೋಚದ್ದು.
ಪರದೆಯಾಚೆ ಹನ್ನೊಂದನೇ ಹಾಸಿಗೆಯವನು
ಚಪ್ಪಾಳೆ ತಟ್ಟಿದ.
ಡಾಕ್ಟರು ಬರೆದುಕೊಂಡಳು. ಮೇಬಲ್ ಅತ್ತಳು.

ತಳ್ಳುಗಾಡಿ ತಿರುಗಿಸುವಾಗ ಮೊಣಕೈ ತಗುಲಿ
ಥರ್ಮಾಸು ಉರುಳಿತು. ಹಗುರ.
ಕೈ ತೊಳೆಯುವ ತೊಟ್ಟಿಯಲ್ಲಿ ಹಳದಿ ಕಲೆಯಿತ್ತು,
ಎಲ್ಲವೂ ಅಲ್ಲೇ ಹೋಯಿತೋ, ಒಂದು ಗುಟುಕು ಉಳಿಯಿತೋ,
ನಾನು ಕೇಳಲಿಲ್ಲ.
ನಲ್ಲಿ ಬಿಟ್ಟೆ.