ಪಿನ್ನು ಸಿಗುವ ತನಕ

ಡೋಣಿ ದಂಡೆಯ ಎರಿ, ಜೋಳ ಕಿತ್ತು ಹದಿನೆಂಟು ದಿನ.
ಬಿರುಕಿನೊಳಗೆ ನನ್ನ ಮೊಣಕೈ ತನಕ ಇಳಿಯುತ್ತಿತ್ತು.
ಬನ್ನಿಗಿಡದ ಬುಡದಲ್ಲಿ ಪಲ್ಟಿ ರಂಟಿ
ಕೊಂಬು ಮಣ್ಣಿಗೂರಿ ಮಲಗಿದ ಕೋಣ.

ರುದ್ರವ್ವ ವೈನಿ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದಳು
ತುಂಬಿದ ಸಾರಿನ ಬೋಗುಣಿ ಹಿಡಿದು ನಡೆಯುವವಳಂತೆ.
"ನಡುವ ನಿಂದರಬ್ಯಾಡ, ಬಾಜೂಕ ಸರಿ.
ಗಾಲಿಗೂ ರಂಟಿಗೂ ನಡುವಿನ ಜಾಗಾ
ಯಾರ ಉತಾರದಾಗೂ ಇಲ್ಲ."

ಎಂಜಿನ್ ಆರಿತು. ಹ್ಯಾಂಡ್ ಬ್ರೇಕ್ ಕಿರ್ರೆಂದಿತು.
ಚಾವಿ ಸೆರಗಿನ ಗಂಟು ಸೇರಿತು.
ಮೊದಲು ಎಡತೋಳು. ಪಿನ್ನು ಬಿತ್ತು.
ಆಮೇಲೆ ಬಲತೋಳು.
ಪಿನ್ನು ಇರಲಿಲ್ಲ.

ಪಾನಾ ಡಬ್ಬಿ ಸುರುವಿದೆ:
ಅಣ್ಣ ಸೇದಿ ಬಿಟ್ಟ ಬೀಡಿ, ಒಂದು ಗೋಲಿ,
ಹೋದ ವರ್ಷದ ಡೀಸೆಲ್ ಚೀಟಿ.
"ತಂತಿ ಬಿಗಿಯೋಣು ವೈನಿ, ಇಲ್ಲಾ ಒಂದು ಮೊಳಿ ಬಾಗಿಸಿ..."
ಅವಳ ಬಳೆಗೆ ಐದಾರು ಸೇಫ್ಟಿ ಪಿನ್ನು ತೂಗುತ್ತಿದ್ದವು.
ಒಂದನ್ನು ಮುಟ್ಟಿ ನಕ್ಕಳು.
"ಇದು ಸೆರಗ ಹಿಡೀತೈತಿ. ನಾಕ ಕ್ವಿಂಟಲ್ ಕಬ್ಬಿಣ ಹಿಡಿಯೂದಿಲ್ಲ.
ತಾಳಿಕೋಟಿಗೆ ಹೋಗಿ ಬಾ."

ಇಪ್ಪತ್ತು ರೂಪಾಯಿಗೆ ಹನ್ನೊಂದು ಮೈಲು ಬಿಸಿಲು.
ಒಡ್ಡಿನಾಚೆ ಪರಸಪ್ಪನ ಟ್ರ್ಯಾಕ್ಟರು ಅರ್ಧ ಹೊಲ ಮಗುಚಿತ್ತು,
ಭಾರಕ್ಕೆಂದು ರಂಟಿಯ ಮೇಲೆ ಕೂತ ಹುಡುಗರಿಬ್ಬರು
ಸೀಟಿ ಹೊಡೆದರು:
"ನಿಮ್ಮ ವೈನಿ ಇನ್ನೂ ರಂಟಿಗೆ ಲಗ್ನಾ ಮಾಡಾಕತ್ತಾಳೇನೋ?"
ನಾಚಿಕೆಯಾಯಿತು, ಸುಳ್ಳೇಕೆ.
ಅಂಗಡಿಯ ಮೌಲಾಲಿ ಮಾತ್ರ ನಗಲಿಲ್ಲ.
"ಎರಡು ಒಯ್ಯಿ. ಒಂದು ಕಳಕೊಳ್ಳಾಕ."

ನಾನು ಬರುವಷ್ಟರಲ್ಲಿ ಮೂರು ಹೊಡೆದಿತ್ತು.
ಕುಳದ ಒಂದೊಂದು ನಟ್ಟನ್ನೂ ಅವಳು ಮಾತಾಡಿಸಿ ಮುಗಿಸಿದ್ದಳು,
ಅತ್ತಿತ್ತ ಜೋಲಾಡುವ ಸರಪಳಿಗಳಿಗೆ ಬುದ್ಧಿ ಹೇಳಿದ್ದಳು.

ಮೊದಲ ಸಾಲು ತೆಳ್ಳಗೆ. ನಿಲ್ಲಿಸಿದಳು, ಇಳಿದಳು, ಕುಕ್ಕರುಗಾಲಲ್ಲಿ ಕೂತು ನೋಡಿದಳು.
ರಂಟಿ ಮೂತಿ ಕುಕ್ಕುತ್ತಿತ್ತು.
ಮೇಲಿನ ತೋಳನ್ನು ಎರಡು ಸುತ್ತು ಉದ್ದ ಬಿಟ್ಟಳು.
ಆಮೇಲೆ ಎರಿ ತಿರುವಿಕೊಂಡಿತು ಹಲಗೆಗಟ್ಟಲೆ,
ಕರಿಕಿಯ ಬೇರು ಆಕಾಶ ನೋಡಿತು,
ಬೆಳ್ಳಕ್ಕಿ ಸಾಲು ಹಿಡಿದು ಬಂದವು. ಅವಕ್ಕೆ ಬಾಜೂಕ ಸರಿ ಎನ್ನುವವರಿಲ್ಲ.

ಹೊಲದ ತುದಿಗೊಮ್ಮೆ ನಾನು ಕೂಗಬೇಕು: "ಎತ್ತು!"
ರಂಟಿ ಎದ್ದ ಮೇಲೆಯೇ ಗಾಲಿ ತಿರುಗಬೇಕು.
ನಮ್ಮ ಕೊಟ್ಟಿಗೆಯಲ್ಲಿ ಎತ್ತು ಹೋಗಿ ಆರು ವರ್ಷ,
ಕೂಗು ಇನ್ನೂ ಹೊಲದಲ್ಲೇ ಇದೆ.

ಹನ್ನೆರಡನೆಯ ಸಾಲಿಗೆ ಠಣ್!
ಹೂತ ಕಲ್ಲು. ಬೋಲ್ಟು ತುಂಡು.
ರಂಟಿಯನ್ನು ನೆಲಕ್ಕೆ ಇಳಿಸಿ, ಎಂಜಿನ್ ಆರಿಸಿ, ಆಮೇಲೇ ಕೈ ಹಚ್ಚಿದಳು.
"ಇದಕ್ಕಿಂತ ಗಟ್ಟೀದು ಹಾಕೋಣು," ಅಂದೆ.
"ಮುರಿಯಾಕಂತ ಮಾಡಿದ್ದು ಇದು. ಇದು ಮುರಿದ್ರ ಉಳಿದದ್ದು ಉಳೀತೈತಿ.
ಮನ್ಯಾಗೂ ಒಬ್ಬಾಕಿ ಹಂಗ ಇರ್ತಾಳ."
ಅಷ್ಟು ಹೇಳಿ ಪಾನಾ ಕೇಳಿದಳು. ನಾನು ಕೊಟ್ಟೆ.

ಹೊತ್ತು ಮುಳುಗುವಾಗ ರಂಟಿಯ ರೆಕ್ಕೆ ಬೆಳ್ಳಿಯಾಗಿತ್ತು.
ಅದರಲ್ಲಿ ಮುಖ ನೋಡಿ ಕುಂಕುಮ ತಿದ್ದಿಕೊಂಡಳು,
ಮಣ್ಣು ಕೆರೆದು ತೆಗೆದಳು,
ಆಮೇಲೆ ಸುಟ್ಟ ಆಯಿಲ್ ಬಳಿದು
ಆ ಕನ್ನಡಿಯನ್ನು ಕುರುಡು ಮಾಡಿದಳು. ಇಲ್ಲವಾದರೆ ತುಕ್ಕು ನೋಡಿಕೊಳ್ಳುತ್ತದೆ ಮುಖ.

ಪರಸಪ್ಪನ ಹುಡುಗರೂ ಸೀಟಿ ಹೊಡೆಯುತ್ತಲೇ ಮನೆಗೆ ಹೋದರು.
ಅವರಿಗೂ ಏನೂ ಆಗಲಿಲ್ಲ, ಆ ದಿನ.

ಊಟಕ್ಕೆ ಕೂತಾಗ ಅವ್ವ ಕೇಳಿದಳು: "ಏನಾತೋ ಹೊಲದಾಗ?"
"ಏನೂ ಆಗ್ಲಿಲ್ಲ."
ವೈನಿ ರೊಟ್ಟಿ ಬಡಿಯುತ್ತಿದ್ದಳು, ತಿರುಗಿ ನೋಡಲಿಲ್ಲ.
ಕಳೆದುಕೊಳ್ಳಲಿಕ್ಕೆ ತಂದ ಪಿನ್ನು
ಚಡ್ಡಿಯ ಜೇಬಿನಲ್ಲಿ ತೊಡೆಗೆ ಒತ್ತುತ್ತಿತ್ತು.